ಸಹಾಯ ಬೇಕು: ನ್ಯಾನೋಫೈಬರ್ ಪದರದೊಳಗೆ ಕೋಶಗಳು ಇಳಿಯುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ಸುಟ್ಟ ಗಾಯದಲ್ಲಿ ಚರ್ಮ ಮತ್ತೆ ಬೆಳೆಯಲು ಆಸರೆಯಾಗುವ ಸ್ಕ್ಯಾಫೋಲ್ಡ್ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಪಿಸಿಎಲ್ (ದೇಹದಲ್ಲಿ ನಿಧಾನವಾಗಿ ಕರಗುವ ಪಾಲಿಮರ್), ಜೆಲಾಟಿನ್ ಬೆರೆಸಿ 15 ಕಿಲೋವೋಲ್ಟ್‌ನಲ್ಲಿ ಎಲೆಕ್ಟ್ರೋಸ್ಪಿನ್ನಿಂಗ್ ಮಾಡುತ್ತೇನೆ, ಅಂದರೆ ವಿದ್ಯುತ್ ಸೆಳೆತದಿಂದ ದ್ರಾವಣವನ್ನು ಸಣ್ಣ ಎಳೆಗಳಾಗಿ ನೂಲುತ್ತೇನೆ. ಎಳೆಗಳು ಚೆನ್ನಾಗಿಯೇ ಬರುತ್ತಿವೆ, ಸುಮಾರು 400 ನ್ಯಾನೋಮೀಟರ್ ದಪ್ಪ. ಆದರೆ ಫೈಬ್ರೋಬ್ಲಾಸ್ಟ್ ಕೋಶಗಳು (ಚರ್ಮದ ಅಂಗಾಂಶ ಕಟ್ಟುವ ಕೋಶಗಳು) ಮೇಲೆಯೇ ಹರಡಿಕೊಳ್ಳುತ್ತವೆ, ಒಳಗೆ ಇಳಿಯುವುದೇ ಇಲ್ಲ. ಎಳೆ ಸಣ್ಣದಾದಷ್ಟೂ ರಂಧ್ರವೂ ಚಿಕ್ಕದಾಗುತ್ತದೆ ಅಲ್ವಾ, ಅದೇ ತೊಡಕು.

ಪಿಇಒ (ನೀರಿನಲ್ಲಿ ಕರಗುವ ಪಾಲಿಮರ್) ಎಳೆಗಳನ್ನೂ ಜೊತೆಗೆ ನೂತು, ಆಮೇಲೆ ನೀರಿನಲ್ಲಿ ಕರಗಿಸಿದರೆ ಜಾಗ ಸಿಗುತ್ತದೆ ಎಂದು ಓದಿದ್ದೇನೆ. ಆದರೆ ನೀರಿಗೆ ಹಾಕಿದರೆ ಜೆಲಾಟಿನ್ ಕೂಡ ಹೋಗಿಬಿಡುತ್ತದೆ. ಮೊದಲು ಜೆನಿಪಿನ್ ಎಂಬ ಸಸ್ಯಮೂಲದ ರಾಸಾಯನಿಕದಿಂದ ಕ್ರಾಸ್‌ಲಿಂಕ್ ಮಾಡಿ (ಜೆಲಾಟಿನ್ ಕರಗದಂತೆ ಅದರ ಅಣುಗಳನ್ನು ಒಂದಕ್ಕೊಂದು ಬೆಸೆದು), ನಂತರ ತೊಳೆಯಬೇಕಾ? ಅದೇ ಕೆಲಸಕ್ಕೆ ಬಳಸುವ ಗ್ಲುಟರಾಲ್ಡಿಹೈಡ್ ಬೇಡ ಅನಿಸುತ್ತದೆ, ಸ್ವಲ್ಪ ಉಳಿದರೂ ಕೋಶಗಳಿಗೆ ವಿಷ. ಸ್ವತಃ ಕೈಯಾರೆ ಮಾಡಿ ನೋಡಿದವರು ಪಿಇಒ ಪ್ರಮಾಣ ಎಷ್ಟಿಟ್ಟಿರಿ, ಪದರ ಕುಗ್ಗಲಿಲ್ಲವಾ, ದಯವಿಟ್ಟು ತಿಳಿಸಿ. ಮೂರು ತಿಂಗಳಿಂದ ಇಲ್ಲೇ ನಿಂತಿದ್ದೇನೆ.