ಸಹಾಯ ಬೇಕು: ಫೇರೋ ದ್ವೀಪಕ್ಕೆ ಹಡಗಲ್ಲಿ ಹೋದೋರು ಇದೀರಾ?

ಎಲ್ರಿಗೂ ನಮಸ್ಕಾರ, ಅಮ್ಮಂಗೆ ಸೆಪ್ಟೆಂಬರ್‌ಗೆ 60 ತುಂಬತ್ತೆ, ಹೋಟ್ಲು ಕೇಕು ಏನೂ ಬೇಡ ಆವತ್ತು ಸಮುದ್ರದ ಮೇಲಿರ್ಬೇಕು ಅಂತ ಒಂದೇ ಹಠ, ಅದಕ್ಕೆ ಡೆನ್ಮಾರ್ಕ್‌ನ ಹಿರ್ಟ್ಸ್‌ಹಾಲ್ಸ್‌ನಿಂದ ನೊರೋನಾ ಫೆರ್ರಿ ಹತ್ತಿ ಫೇರೋ ರಾಜಧಾನಿ ಟೋರ್ಸ್‌ಹಾವ್ನ್‌ಗೆ ಹೋಗೋಣ ಅಂತಿದೀವಿ, ಹತ್ರತ್ರ ಒಂದೂವರೆ ದಿನದ ದಾರಿ. ಬರ್ತ್‌ಡೇ ಪೂರ್ತಿ ನೀರಲ್ಲೇ!

ಫೇರೋ ಶೆಂಗೆನ್ (ಒಂದೇ ವೀಸಾ ನಡೆಯೋ ಯೂರೋಪ್ ದೇಶಗಳ ಗುಂಪು) ಒಳಗೆ ಬರಲ್ಲ, ಅಲ್ಲಿಗೂ ನಡೆಯತ್ತೆ ಅಂತ ವೀಸಾದಲ್ಲೇ ಬರೆದಿರ್ಬೇಕು. ಅಮ್ಮ ಬೆಂಗ್ಳೂರಿಂದ ಅಪ್ಲೈ ಮಾಡ್ತಾರೆ, ಹೀಗೆ ಹಾಕಿಸ್ಕೊಂಡೋರು ಏನೇನು ಪೇಪರ್ ಕೊಟ್ರಿ? ಇನ್ನೊಂದು, ಅವ್ರಿಗೆ ಚಾರ್ಮಾಡಿ ಘಾಟಲ್ಲೇ ವಾಂತಿ ಬರತ್ತೆ, ಇದು ಉತ್ತರ ಅಟ್ಲಾಂಟಿಕ್ಕು. ಕೆಳಗಿನ ಡೆಕ್ಕಲ್ಲಿ ಮಧ್ಯದ ಕ್ಯಾಬಿನ್ ಆದ್ರೆ ಅಲ್ಲಾಟ ಕಮ್ಮಿ ಅಂತಾರೆ, ಆದ್ರೆ ಕಿಟಕಿ ಇಲ್ದೆ ಸಮುದ್ರ ಏನ್ ನೋಡೋದು ಹೇಳಿ. ಮೊಟ್ಟೆನೂ ತಿನ್ನಲ್ಲ ಅವ್ರು, ಅವಲಕ್ಕಿ ಚಟ್ನಿಪುಡಿ ಕಟ್ಕೊಂಡೇ ಹೋಗೋದಾ? ಹೋಗ್ಬಂದೋರು ಪ್ಲೀಸ್ ಹೇಳಿ.