ಪಿನ್ ಇದೆಯಲ್ಲ ಅನ್ನಬೇಡ ಪುಟ್ಟಾ

ಅಕ್ಕಾ, ರಾತ್ರಿ ನೀನು ಕೇಳಿದ್ದನ್ನು ಈಗ ನೋಡಿದೆ. ಬಾಂಬು ಸಿಡಿಯುವುದು ವಿಮಾನ ಮೇಲೆ ಹೋದಮೇಲೆ ತಾನೇ, ಕೆಳಗೆ ಲೋಡ್ ಮಾಡುವವರಿಗೆ ಏನು ಅಪಾಯ ಅಂತ. ಪುಟ್ಟ "ಪಿನ್ ಹಾಕಿರ್ತಾರೆ ಅಮ್ಮಾ, ಏನೂ ಆಗಲ್ಲ" ಅಂತ ಬರೆದಿದ್ದಾನೆ. ಪಿನ್ ಅಂದರೆ ಬಾಂಬು, ರಾಕೆಟ್ ತಾನಾಗಿ ಸಿಡಿಯದಂತೆ, ಹಾರದಂತೆ ತಡೆಯಲು ಸಿಕ್ಕಿಸುವ ಕಡ್ಡಿ. ಅವನು ಈಗ ಹೊರಟಿರುವುದೂ ಈ ಲೋಡ್ ಮಾಡುವ ಕೆಲಸಕ್ಕೇ, ವಾಯುಪಡೆಯಲ್ಲಿ ನಾನು ಇದೇ ಕೆಲಸ ಮಾಡಿದವನು. ಓದಿ ಸುಮ್ನೆ ಇರಲು ಆಗಲಿಲ್ಲ.

ಪುಟ್ಟಾ, 1967ರ ಜುಲೈ 29. ವಿಯೆಟ್ನಾಂ ಯುದ್ಧದ ಕಾಲ. ಅಮೆರಿಕದ ಫಾರೆಸ್ಟಲ್ ಅನ್ನುವ ವಿಮಾನವಾಹಕ ಹಡಗು ಟೊಂಕಿನ್ ಕೊಲ್ಲಿಯಲ್ಲಿತ್ತು. ಡೆಕ್ ತುಂಬ ವಿಮಾನಗಳು. ಹೊಟ್ಟೆ ತುಂಬ ಇಂಧನ, ರೆಕ್ಕೆ ಕೆಳಗೆ ಬಾಂಬು. ಒಂದು ಫ್ಯಾಂಟಮ್ ವಿಮಾನವನ್ನು ಹೊರಗಿನ ಕರೆಂಟಿನಿಂದ ಅದರ ಸ್ವಂತ ಕರೆಂಟಿಗೆ ಬದಲಾಯಿಸಿದರು. ಆಗ ಕರೆಂಟು ಒಮ್ಮೆ ಏರಿತು. ಅಷ್ಟಕ್ಕೇ ಜೂನಿ ರಾಕೆಟ್ ಒಂದು ಹಾರಿ ಹೋಗಿ, ಎದುರಿಗಿದ್ದ ಸ್ಕೈಹಾಕ್ ವಿಮಾನದ ಇಂಧನದ ಟ್ಯಾಂಕಿಗೆ ಬಡಿಯಿತು, ಬೆಂಕಿ ಹತ್ತಿತು. ಅದನ್ನು ಹಾರಿಸಲು ಯಾರೂ ಗುಂಡಿ ಒತ್ತಿರಲಿಲ್ಲ.

ಆ ರಾಕೆಟ್ಟಿಗೂ ಪಿನ್ ಇತ್ತು, ಅದರ ಮೇಲೆ ಇನ್ನೊಂದು ತಡೆಯೂ ಇತ್ತು. ರಾಕೆಟ್ಟಿಗೆ ಕರೆಂಟು ಕೊಡುವ ಪ್ಲಗ್ಗನ್ನು ವಿಮಾನ ಹಾರುವ ಜಾಗಕ್ಕೆ ಬಂದಮೇಲೇ ಹಾಕಬೇಕು. ಹೊತ್ತು ಉಳಿಯುತ್ತದೆ ಅಂತ ಅಲ್ಲಿ ಮೊದಲೇ ಹಾಕುತ್ತಿದ್ದರು. ಪಿನ್ ಇದೆಯಲ್ಲ ಅನ್ನುವ ಧೈರ್ಯ. ಆ ದಿನ ಪಿನ್ ತಡೆಯಲಿಲ್ಲ. ನೀನು ಬರೆದಿದ್ದೂ ಅದೇ ಮಾತು ಅಲ್ವಾ? ಅದಕ್ಕೇ ಎದೆ ಝಲ್ಲೆಂದಿತು.

ಮುಂದಿನದು ಇನ್ನೂ ಸಂಕಟ. ಹಿಂದಿನ ದಿನವಷ್ಟೇ ಹಡಗಿಗೆ ಹಳೇ ಕಾಲದ ಸಾವಿರ ಪೌಂಡಿನ ಬಾಂಬುಗಳು ಬಂದಿದ್ದವು. ವರ್ಷಗಟ್ಟಲೆ ಬಿದ್ದಿದ್ದ ಮಾಲು, ಬಿಸಿ ತಡೆಯುವ ಶಕ್ತಿ ಅವಕ್ಕೆ ಇರಲಿಲ್ಲ. ಬೆಂಕಿ ಹತ್ತಿ ಒಂದೂವರೆ ನಿಮಿಷ ಆಗಿತ್ತು, ಮೊದಲ ಬಾಂಬು ಸಿಡಿಯಿತು. ಬೆಂಕಿ ಆರಿಸುವ ತಂಡದ ಮುಖ್ಯಸ್ಥ ಜೆರಾಲ್ಡ್ ಫ್ಯಾರಿಯರ್ ಕೈಯಲ್ಲಿ ಬೆಂಕಿ ಆರಿಸುವ ಪುಡಿಯ ಒಂದೇ ಒಂದು ಸಿಲಿಂಡರ್ ಹಿಡಿದು ಆ ಬಾಂಬಿನ ಹತ್ತಿರಕ್ಕೇ ಓಡಿದ್ದ. ಅವನೂ ಹೋದ, ತಂಡದಲ್ಲಿ ಬಹುತೇಕರೂ ಹೋದರು. ಉಳಿದವರಿಗೆ ಆ ತರಬೇತಿ ಇರಲಿಲ್ಲ. ಪಾಪ, ಅವಸರದಲ್ಲಿ ನೀರು ಬಿಟ್ಟರು. ಬೆಂಕಿ ಮುಚ್ಚಿದ್ದ ನೊರೆಯೇ ಕೊಚ್ಚಿಹೋಯಿತು. ಒಟ್ಟು 134 ಜನ ಸತ್ತರು. ಎಷ್ಟೋ ಜನ ನಿನ್ನ ವಯಸ್ಸಿನವರೇ ಕಣೋ.

ಅಷ್ಟಾದಮೇಲೂ 1969ರ ಜನವರಿಯಲ್ಲಿ ಹವಾಯಿ ಹತ್ತಿರ ಎಂಟರ್‌ಪ್ರೈಸ್ ಹಡಗಿನಲ್ಲಿ 28 ಜನ ಹೋದರು. ವಿಮಾನದ ಎಂಜಿನ್ ಸ್ಟಾರ್ಟ್ ಮಾಡುವ ಗಾಡಿಯ ಬಿಸಿ ಹೊಗೆ ರಾಕೆಟ್ಟಿನ ಮೂತಿಗೆ ತಾಗುತ್ತಿತ್ತು. ಕಾದು ಕಾದು ಸಿಡಿಯಿತು. ಆ ಗಾಡಿಯನ್ನು ಸ್ವಲ್ಪ ಆಚೆ ನಿಲ್ಲಿಸಿದ್ದರೆ ಸಾಕಿತ್ತು.

ನಿನಗೆ ಅಲ್ಲಿ ಎಲ್ಲ ಕಲಿಸುತ್ತಾರೆ. ವಿಮಾನಕ್ಕೆ ಅರ್ತಿಂಗ್ ಕೊಡುವುದು, ರಾಕೆಟ್ ಜೋಡಿಸುವ ಮುಂಚೆ ವೈರಿನಲ್ಲಿ ಕರೆಂಟು ಇಲ್ಲ ಅಂತ ಮೀಟರ್ ಹಿಡಿದು ನೋಡುವುದು, ಮೊಬೈಲ್ ಹತ್ತಿರ ತರದಿರುವುದು. ಕೆಂಪು ಪಟ್ಟಿಯ ಪಿನ್ನುಗಳನ್ನು ಎಣಿಸಿ ಪೈಲಟ್‌ಗೆ ತೋರಿಸುವುದೂ ಇರುತ್ತದೆ. ಆದರೆ ಬಿಸಿಲಲ್ಲಿ ಮೂರನೇ ವಿಮಾನ ಲೋಡ್ ಮಾಡುವಾಗ ಯಾರೋ ಸೀನಿಯರ್ "ಪರವಾಗಿಲ್ಲ, ಈಗಲೇ ಪ್ಲಗ್ ಹಾಕಿಬಿಡು" ಅನ್ನಬಹುದು. ಹಾಕಬೇಡ. ಬೈಸಿಕೋ, ಆದರೆ ಹಾಕಬೇಡ. ರಾಕೆಟ್ಟಿನ ಎದುರಿಗೂ ಹಿಂದೆಯೂ ಒಂದು ಕ್ಷಣ ನಿಲ್ಲಬೇಡ.

ಅಕ್ಕಾ, ಅವನು ಹೊರಡುವ ಮುಂಚೆ ಎರಡು ದಿನ ನಮ್ಮ ಮನೆಗೆ ಕಳಿಸು. ಕೂರಿಸಿಕೊಂಡು ಹೇಳುವುದು ಜಾಸ್ತಿ ಇದೆ.