ನ್ಯೂಟ್ರಲ್ ಸಿಗ್ತಿಲ್ಲ, ಗೇರ್ ಬಿಗಿ: ಆಯಿಲ್ ಬದಲಿಸಬೇಕಾ?

ಪ್ರಶ್ನೆ: ಸರ್, ನನ್ನದು ಯಮಹಾ ಆರ್15 ವಿ3, 155 ಸಿಸಿ ಸ್ಪೋರ್ಟ್ ಬೈಕು. ಆಯಿಲ್ ಹಾಕಿಸಿ 2,500 ಕಿ.ಮೀ. ಆಗಿದೆ. ಬೆಳಿಗ್ಗೆ ಗೇರ್ ಸಲೀಸಾಗಿ ಬೀಳುತ್ತೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ಬಿಗಿ. ಸಿಗ್ನಲ್‌ನಲ್ಲಿ ಫಸ್ಟ್‌ನಿಂದ ಎತ್ತಿದರೆ ನ್ಯೂಟ್ರಲ್ ದಾಟಿ ಸೀದಾ ಸೆಕೆಂಡಿಗೆ ಹೋಗುತ್ತೆ. ದುಬಾರಿ ಫುಲ್ ಸಿಂಥೆಟಿಕ್ ಹಾಕಿದರೆ ಸರಿ ಹೋಗುತ್ತಾ?

ಉತ್ತರ (ಮೆಕ್ಯಾನಿಕ್): ಆಯಿಲ್ ಡಬ್ಬಿಗೆ ದುಡ್ಡು ಹಾಕೋ ಮೊದಲು ಕ್ಲಚ್ ನೋಡಿ. ಗಾಡಿ ನಿಂತಾಗ ನ್ಯೂಟ್ರಲ್ ಸಿಗದಿದ್ದರೆ ಮೊದಲ ಅನುಮಾನ ಅದರ ಮೇಲೇ. ಲಿವರ್ ಪೂರ್ತಿ ಹಿಡಿದರೂ ಪ್ಲೇಟುಗಳು ಬಿಟ್ಟುಕೊಳ್ಳದೆ ಎಳೀತಾ ಇರ್ತವೆ. ಆಗ ಗೇರಿನ ಹಲ್ಲುಗಳ ಮೇಲೆ ಭಾರ ಉಳಿಯುತ್ತೆ, ಅವು ಬಿಡಿಸಿಕೊಳ್ಳೋಕೆ ಒಪ್ಪಲ್ಲ.

ಪರೀಕ್ಷೆ ಹೀಗೆ. ಎಂಜಿನ್ ಬಿಸಿ ಇರುವಾಗ ಗಾಡಿ ಪ್ಯಾಡಕ್ ಸ್ಟ್ಯಾಂಡ್ (ಹಿಂದಿನ ಚಕ್ರ ಎತ್ತಿ ಹಿಡಿಯೋ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಹಿಡಿದೇ ಇರಿ. ಹಿಂದಿನ ಚಕ್ರ ಮೆಲ್ಲಗೆ ತಿರುಗಿದರೆ ಗಾಬರಿ ಬೇಡ, ಆಯಿಲ್ಲಲ್ಲಿ ಮುಳುಗಿರೋ ಒದ್ದೆ ಕ್ಲಚ್ಚಿನಲ್ಲಿ ಅಷ್ಟು ಇದ್ದದ್ದೇ. ಹಿಂದಿನ ಬ್ರೇಕ್ ಹಗುರವಾಗಿ ಒತ್ತಿ. ಎಂಜಿನ್ ಸದ್ದು ಬದಲಾಗದೆ ಚಕ್ರ ನಿಂತರೆ ಕ್ಲಚ್ ಚೆನ್ನಾಗಿದೆ. ಆರ್‌ಪಿಎಂ ಕುಸಿದರೆ, ಎಂಜಿನ್ ನಿಲ್ಲೋ ಹಾಗಾದರೆ, ಅದು ಎಳೀತಿದೆ. ಕೈ, ಬಟ್ಟೆ ಚೈನಿನ ಹತ್ತಿರ ಬೇಡವೇ ಬೇಡ.

ಆಮೇಲೆ ಕೇಬಲ್. ಆರ್15 ವಿ3ಯಲ್ಲಿ ಲಿವರ್ ತುದಿಯ ಹತ್ತಿರ ಅಳೆದರೆ 10ರಿಂದ 15 ಮಿ.ಮೀ. ಫ್ರೀ ಪ್ಲೇ (ಲಿವರ್ ಬಿಗಿಯಾಗೋ ಮೊದಲಿನ ಸಡಿಲ) ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡಲ್ಲ. ಹಾಗಂತ ಸೊನ್ನೆ ಮಾಡಿದರೆ ಸದಾ ಅರ್ಧ ಹಿಡಿದ ಹಾಗಾಗಿ ಪ್ಲೇಟು ಸುಡುತ್ತೆ. ಲಿವರ್ ಹತ್ತಿರದ ಅಡ್ಜಸ್ಟರ್ ಮುಗಿದಿದ್ದರೆ ಅದನ್ನು ಒಳಗೆ ತಿರುಗಿಸಿ, ಎಂಜಿನ್ ಕಡೆಯ ನಟ್‌ನಲ್ಲಿ ಬಿಗಿ ಮಾಡಿ. ತಣ್ಣಗಿದ್ದಾಗ ಒಮ್ಮೆ, ಬಿಸಿಯಲ್ಲಿ ಒಮ್ಮೆ ಅಳೆಯಿರಿ. ಲಿವರ್ ಹತ್ತಿರ ಕೇಬಲ್ಲಿನ ಎಳೆ ಒಂದೇ ಒಂದು ಕಿತ್ತಿದ್ದರೂ ಹೊಸದು ಹಾಕಿ.

ಸ್ಪೋರ್ಟ್ ಬೈಕಿನಲ್ಲಿ ಕಾಲು ಹಿಂದಕ್ಕೆ ಇರೋದರಿಂದ ಗೇರ್ ಪೆಡಲಿಗೂ ಎಂಜಿನ್ನಿಗೂ ನಡುವೆ ಒಂದು ರಾಡ್ ಇರುತ್ತೆ, ಎರಡು ತುದಿಗೂ ಬಾಲ್ ಜಾಯಿಂಟ್. ಮಳೆಗಾಲದ ಕೆಸರು ಅಲ್ಲೇ ಕೂರೋದು. ಬಿಚ್ಚಿ, ಒರೆಸಿ, ಚೂರು ಗ್ರೀಸ್ ಹಾಕಿ. ಜನ ಇದನ್ನು ನೋಡೋದೇ ಇಲ್ಲ, ಗೇರ್ ಬಾಕ್ಸನ್ನೇ ಬೈತಾರೆ. ಚೈನ್ ತೀರಾ ಬಿಗಿ ಇದೆಯಾ ಅಂತಲೂ ನೋಡಿ.

ಉತ್ತರ (ಲೂಬ್ರಿಕೆಂಟ್ ಕೆಲಸದವರು): ಆಯಿಲ್ಲಿನ ಪಾಲೂ ಇದೆ. ಬೈಕಿನಲ್ಲಿ ಎಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್. ಬಿಸಿಯಲ್ಲೂ ದಪ್ಪ ಉಳಿಯಲಿ ಅಂತ ಸೇರಿಸಿರುವ ಪಾಲಿಮರ್ ಅನ್ನು ಗೇರಿನ ಹಲ್ಲುಗಳು ಕತ್ತರಿಸುತ್ತಾ ಹೋಗುತ್ತವೆ. 40 ಗ್ರೇಡ್ (10ಡಬ್ಲ್ಯು-40ರ ಕೊನೆಯ ಅಂಕಿ) ಅಂದರೆ 100 ಡಿಗ್ರಿಯಲ್ಲಿ ದಪ್ಪ 12.5ರಿಂದ 16.3 ಸೆಂಟಿಸ್ಟೋಕ್ಸ್. 12.5ರ ಕೆಳಗೆ ಇಳಿದರೆ ಡಬ್ಬಿ ಮೇಲೆ 40 ಅಂತಿದ್ದರೂ ಒಳಗಿರೋದು 30. ತಣ್ಣಗೆ ನಯ, ಬಿಸಿಗೆ ಕಟಕಟ ಅಂದರೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಸಿಂಥೆಟಿಕ್ ಬಿಸಿಯನ್ನು ಚೆನ್ನಾಗಿ ತಡೆಯುತ್ತೆ ನಿಜ, ಎಳೆಯೋ ಕ್ಲಚ್ಚನ್ನು ಸರಿ ಮಾಡಲ್ಲ.

ಆರ್15 ವಿ3ಗೆ 10ಡಬ್ಲ್ಯು-40. ಬರೀ ಆಯಿಲ್ ಆದರೆ 0.85 ಲೀಟರ್, ಫಿಲ್ಟರ್ ಜತೆಗೆ 0.95. ಒಂದು ಲೀಟರ್ ಡಬ್ಬಿ ತಂದು 'ಉಳಿಸಿ ಏನು ಮಾಡ್ತೀರಿ' ಅಂತ ಪೂರ್ತಿ ಸುರಿಯೋ ಕಡೆ ಕೈ ಹಿಡೀರಿ. ಹೆಚ್ಚಾದ ಆಯಿಲ್ಲನ್ನು ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತೆ.

ಪ್ರಶ್ನೆ: ಅಣ್ಣ, ಮನೇಲಿ ಕಾರಿಂದು 5ಡಬ್ಲ್ಯು-30 ಉಳಿದಿದೆ, ಎಪಿಐ ಎಸ್‌ಎನ್. ಹಾಕಬಹುದಾ?

ಉತ್ತರ: ಬೇಡ. ಎಪಿಐ ಅಕ್ಷರ (ಎಂಜಿನ್ ಆಯಿಲ್ಲಿನ ಗುಣಮಟ್ಟದ ಗುರುತು) ಕ್ಲಚ್ ಬಗ್ಗೆ ಏನೂ ಹೇಳಲ್ಲ. ಬೈಕಿಗೆ ನೋಡಬೇಕಾದ್ದು ಜಾಸೋ (ಬೈಕ್ ಆಯಿಲ್ಲಿನ ಜಪಾನಿ ಮಾನದಂಡ) ಎಂಎ ಅಥವಾ ಎಂಎ2. 'ರಿಸೋರ್ಸ್ ಕನ್ಸರ್ವಿಂಗ್' ಮುದ್ರೆಯ ಕಾರ್ ಆಯಿಲ್‌ನಲ್ಲಿ ಘರ್ಷಣೆ ಇಳಿಸೋ ಸೇರ್ಪಡೆ ಇರುತ್ತೆ, ಪ್ಲೇಟ್ ಜಾರುತ್ತೆ. ಜಾಸೋ ಎಂಬಿ ಸ್ಕೂಟರಿನದು, ಅದೂ ಬೇಡ. ಈಗಾಗಲೇ ಹಾಕಿದ್ದರೆ ಏರಿನಲ್ಲಿ ಐದನೇ ಗೇರಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿ ನೋಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಜಾರ್ತಿದೆ ಅಂತಲೇ.

ಪ್ರಶ್ನೆ: ಕೆಟಿಎಂ ಆರ್‌ಸಿ 390 ಬೈಕಿಗೆ ಅಂಗಡಿಯಲ್ಲಿ 20ಡಬ್ಲ್ಯು-50 ಕೊಡ್ತಿದ್ದಾರೆ. ನಡೆಯುತ್ತಾ?

ಉತ್ತರ: ಅದಕ್ಕೆ ಹೇಳಿರೋದು 15ಡಬ್ಲ್ಯು-50, ಎಂಎ2, 1.7 ಲೀಟರ್. ಬಿಸಿಯಲ್ಲಿ ಎರಡೂ 50 ಗ್ರೇಡೇ. ವ್ಯತ್ಯಾಸ ಇರೋದು ತಣ್ಣಗೆ ಸ್ಟಾರ್ಟ್ ಮಾಡುವಾಗ. ಮಂಗಳೂರಿನಲ್ಲಿ ಅದು ಗೊತ್ತೂ ಆಗಲ್ಲ, ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಗೊತ್ತಾಗಬಹುದು. ಆದರೂ ವಾರಂಟಿ ಇರೋ ಗಾಡಿಗೆ ಹೇಳಿದ್ದನ್ನೇ ತರಿಸಿ. ಆಯಿಲ್ ಬದಲಿಸುವಾಗ ಫಿಲ್ಟರ್ ಮಾತ್ರವಲ್ಲ, ಆಯಿಲ್ ಸ್ಕ್ರೀನ್ (ಜಾಲರಿ) ಕೂಡ ತೆಗೆದು ತೊಳೆಯಲು ಹೇಳಿ.

ಪ್ರಶ್ನೆ: ಕೇಬಲ್, ಆಯಿಲ್ ಎಲ್ಲಾ ಆಯ್ತು. ಜೋರಾಗಿ ಎಳೆದಾಗ ಸೆಕೆಂಡ್ ಗೇರ್ ಹಾರಿ ಆಚೆ ಬರುತ್ತೆ.

ಉತ್ತರ (ಮೆಕ್ಯಾನಿಕ್): ಭಾರ ಬಿದ್ದಾಗ ಗೇರ್ ಹಾರಿದರೆ ಯಾವ ಆಯಿಲ್ಲೂ ಉಳಿಸಲ್ಲ. ಗೇರಿನ ಡಾಗ್‌ಗಳ (ಒಂದು ಗೇರನ್ನು ಇನ್ನೊಂದಕ್ಕೆ ಸಿಕ್ಕಿಸೋ ಪಕ್ಕದ ಮುಂಚಾಚುಗಳು) ಅಂಚು ಸವೆದು ಗುಂಡಗಾಗಿರುತ್ತೆ, ಇಲ್ಲಾ ಶಿಫ್ಟ್ ಫೋರ್ಕ್ (ಗೇರನ್ನು ಪಕ್ಕಕ್ಕೆ ಸರಿಸೋ ಕವೆ) ಬಗ್ಗಿರುತ್ತೆ. ಇಳಿಸಿದ ಆಯಿಲ್ಲನ್ನು ಬಿಳಿ ಬಟ್ಟೆ ಮೇಲೆ ಸೋಸಿ: ನುಣ್ಣಗಿನ ಬೂದು ಲೇಪ ಮಾಮೂಲು, ಉಗುರಿಗೆ ಸಿಗೋ ಚೂರು ಮಾಮೂಲಲ್ಲ. ಚೂರು ಸಿಕ್ಕರೆ ಎಂಜಿನ್ ಎರಡು ಹೋಳು ಮಾಡಲೇಬೇಕು. ಏನೂ ಸಿಗದಿದ್ದರೆ ಮೊದಲು ಬರೀ ಕ್ಲಚ್ ಕವರ್ ಬಿಚ್ಚಿಸಿ, ಶಿಫ್ಟ್ ಡ್ರಮ್ಮಿನ (ಆ ಫೋರ್ಕುಗಳನ್ನು ಆಡಿಸೋ ಉರುಳೆ) ಸ್ಟಾಪರ್ ಲಿವರ್ ಮತ್ತು ಅದರ ಸ್ಪ್ರಿಂಗ್ ನೋಡಿಸಿ. ಸ್ಪ್ರಿಂಗ್ ಸಡಿಲವಾಗಿದ್ದರೂ ಡ್ರಮ್ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರಲ್ಲ. ಅಲ್ಲಿಗೇ ಮುಗಿದರೆ ಒಂದು ಸ್ಪ್ರಿಂಗ್, ಒಂದು ಗ್ಯಾಸ್ಕೆಟ್ ಮತ್ತು ಮತ್ತೆ ಆಯಿಲ್, ಅಷ್ಟೇ ಖರ್ಚು.